ಸ್ಲೈಡ್ ಉಳಿದು ರಿಜಿಸ್ಟರ್ ಹೋದರೆ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಈ ವಾರ, ಪೆಥಾಲಜಿಸ್ಟರು (ರೋಗಶಾಸ್ತ್ರಜ್ಞರು) ಬಿಟ್ಟುಹೋದ ಕಾಗದಪತ್ರ ಮತ್ತು ಸಂಶೋಧನಾ ಸಾಮಗ್ರಿಯ ಸಂರಕ್ಷಣೆ

ಪ್ರಶ್ನೆ: ನನ್ನ ತಂದೆ ವೈದ್ಯಕೀಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಪೆಥಾಲಜಿ ಪ್ರಾಧ್ಯಾಪಕರಾಗಿದ್ದರು. ಹೋದ ವರ್ಷ ತೀರಿಕೊಂಡರು. ಮಹಡಿಯ ಕೋಣೆಯಲ್ಲಿ ಮೂರು ಕಪಾಟಿನ ತುಂಬ ಅವರ ನೋಟ್‌ಬುಕ್‌ಗಳು, ಪತ್ರಗಳು, ಶವಪರೀಕ್ಷೆಯ ಟಿಪ್ಪಣಿಗಳಿವೆ. ಹದಿನೆಂಟು ಮರದ ಪೆಟ್ಟಿಗೆಗಳಲ್ಲಿ, ಸೂಕ್ಷ್ಮದರ್ಶಕದಲ್ಲಿ ನೋಡಲು ಅಂಗಾಂಶದ ತೆಳು ಪದರ ಅಂಟಿಸಿದ ಗಾಜಿನ ಸ್ಲೈಡ್‌ಗಳಿವೆ. ಮನೆ ಮಾರಬೇಕಾಗಿದೆ. ಪುಸ್ತಕಗಳನ್ನು ಕಾಲೇಜಿಗೆ ಕೊಟ್ಟು ಉಳಿದದ್ದನ್ನು ರದ್ದಿಗೆ ಹಾಕೋಣ ಎಂದು ಅಣ್ಣ ಹೇಳುತ್ತಾರೆ. ನನಗೆ ಮನಸ್ಸಾಗುತ್ತಿಲ್ಲ. ಎಲ್ಲವನ್ನೂ ವಿಷಯವಾರು ವಿಂಗಡಿಸಲು ಆರಂಭಿಸಿದ್ದೇನೆ. ಏನನ್ನು ಉಳಿಸಬೇಕು, ಹೇಗೆ ಉಳಿಸಬೇಕು?
(ಓದುಗರು, ಧಾರವಾಡ)

ಉತ್ತರ: ದಯವಿಟ್ಟು ವಿಂಗಡಿಸುವ ಕೆಲಸವನ್ನು ಇವತ್ತೇ ನಿಲ್ಲಿಸಿ. ಪ್ರೀತಿಯಿಂದ ಮಾಡುತ್ತಿರುವ ಕೆಲಸವನ್ನು ತಡೆಯಲು ನನಗೂ ಸಂಕಟವಾಗುತ್ತದೆ. ಆದರೆ ಗೆದ್ದಲಿನಿಂದ ಹಾಳಾದಷ್ಟೇ ಸಂಗ್ರಹಗಳು ಇಂಥ ಅಚ್ಚುಕಟ್ಟಿನಿಂದ ಹಾಳಾಗಿರುವುದನ್ನು ನಾನು ಕಂಡಿದ್ದೇನೆ. ನಿಮ್ಮ ತಂದೆ ಯಾವ ನೋಟ್‌ಬುಕ್ಕಿನ ಪಕ್ಕದಲ್ಲಿ ಯಾವ ಪೆಟ್ಟಿಗೆ ಇಟ್ಟಿದ್ದರು, ಯಾವ ಪತ್ರವನ್ನು ಯಾವ ಪುಟದ ನಡುವೆ ಸಿಕ್ಕಿಸಿದ್ದರು ಎಂಬುದೂ ಒಂದು ಮಾಹಿತಿ. ಒಮ್ಮೆ ಕದಲಿಸಿದರೆ ಅದನ್ನು ಮತ್ತೆ ಕಟ್ಟಲಾಗದು.

ಕಾರಣ ತಿಳಿಯಬೇಕಾದರೆ ಜರ್ಮನಿಯ ಒಂದು ಕಡತದ ಕಥೆಯನ್ನು ಕೇಳಬೇಕು. 1901ರ ನವೆಂಬರ್ 25ರಂದು ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಆಗಸ್ಟೆ ಡೆಟರ್ ಎಂಬ 51 ವರ್ಷದ ಮಹಿಳೆಯನ್ನು ಸೇರಿಸಿದರು. ಅಲ್ಲಿದ್ದ ವೈದ್ಯ ಅಲೋಯಿಸ್ ಅಲ್‌ಝೈಮರ್ ಆಕೆಯೊಂದಿಗೆ ನಡೆಸಿದ ಮಾತುಕತೆಯನ್ನು ಪ್ರಶ್ನೆ, ಉತ್ತರಗಳ ಸಮೇತ ಬರೆದಿಟ್ಟರು. ಹೆಸರು ಬರೆಯಲು ಹೇಳಿದರೆ ಆಕೆಗೆ ಅದೂ ಪೂರ್ತಿಯಾಗುತ್ತಿರಲಿಲ್ಲ. ಆರಂಭಿಸಿ ಮುಂದಿನದನ್ನು ಮರೆಯುತ್ತಿದ್ದರು. 1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಾಗ ಅಲ್‌ಝೈಮರ್ ಮ್ಯೂನಿಕ್‌ನಲ್ಲಿದ್ದರು. ಮೆದುಳನ್ನು ಅಲ್ಲಿಗೇ ತರಿಸಿಕೊಂಡು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದೇ ನವೆಂಬರ್‌ನಲ್ಲಿ ಟ್ಯೂಬಿಂಗೆನ್‌ನ ಸಭೆಯಲ್ಲಿ ತಾವು ಕಂಡದ್ದನ್ನು ವಿವರಿಸಿದರು. ಇವತ್ತು ಮನೆಮನೆಗೂ ಗೊತ್ತಿರುವ ಮರೆವಿನ ಕಾಯಿಲೆಗೆ ಅವರ ಹೆಸರು ಬಂದದ್ದು ಹೀಗೆ.

ಆಮೇಲೆ ಕಡತ ಕಣ್ಮರೆಯಾಯಿತು. ಆ ಮೊದಲ ರೋಗಿಗೆ ಇದ್ದದ್ದು ನಿಜಕ್ಕೂ ಅದೇ ಕಾಯಿಲೆಯೇ ಎಂಬ ಅನುಮಾನವೂ ಹುಟ್ಟಿತು. 1995ರ ಡಿಸೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯದ ಮನೋವೈದ್ಯರು ಆ ಕಡತವನ್ನು ತಮ್ಮ ಹಳೆಯ ದಾಖಲೆಗಳ ನಡುವೆ ಪತ್ತೆ ಮಾಡಿದರು. ಮೂವತ್ತೆರಡು ಹಾಳೆಗಳು, ಅವುಗಳಲ್ಲಿ ಆಗಸ್ಟೆಯ ನಡುಗುವ ಕೈಬರಹ. ಕೆಲವೇ ವರ್ಷಗಳಲ್ಲಿ ಮ್ಯೂನಿಕ್‌ನ ನೆಲಮಾಳಿಗೆಯೊಂದರಲ್ಲಿ ಅದೇ ಮೆದುಳಿನ 250ಕ್ಕೂ ಹೆಚ್ಚು ಸ್ಲೈಡ್‌ಗಳು ದೊರೆತವು. ಒಂದು ಊರಿನಲ್ಲಿ ಆಕೆಯ ಮಾತು, ಇನ್ನೊಂದು ಊರಿನಲ್ಲಿ ಆಕೆಯ ಮೆದುಳು. ಎರಡೂ ಕೈಗೆ ಬಂದ ಮೇಲೆ ರೋಗನಿರ್ಣಯವನ್ನು ಹೊಸದಾಗಿ ಪರಿಶೀಲಿಸಲು ಸಾಧ್ಯವಾಯಿತು. ಗಾಜಿನ ಮೇಲೆ ಉಳಿದಿದ್ದ ಅಂಗಾಂಶದಿಂದ ಡಿಎನ್‌ಎ ತೆಗೆದು ನೋಡಿದವರೂ ಇದ್ದಾರೆ. ಆಕೆಯಲ್ಲಿ ನಿರ್ದಿಷ್ಟ ಆನುವಂಶಿಕ ದೋಷವಿತ್ತು ಎಂದು ಒಂದು ತಂಡ ಹೇಳಿತು. ಅದು ತಮಗೆ ಕಾಣಲಿಲ್ಲ ಎಂದು ಇನ್ನೊಂದು ತಂಡ ಹೇಳಿತು. ಸತ್ತು ನೂರು ವರ್ಷ ದಾಟಿದ ಮೇಲೂ ಆಕೆಯ ಬಗ್ಗೆ ವಿಜ್ಞಾನಿಗಳು ಪುರಾವೆ ಮುಂದಿಟ್ಟು ವಾದಿಸುತ್ತಿದ್ದಾರೆ ಎಂದರೆ, ಅದಕ್ಕೆ ಯಾರೋ ಆ ಪೆಟ್ಟಿಗೆಗಳನ್ನು ಎಸೆಯದೆ ಬಿಟ್ಟದ್ದೇ ಕಾರಣ.

ಈಗ ನಿಮ್ಮ ಮಹಡಿಗೆ ಬರೋಣ. ಆ ಕೋಣೆಯಲ್ಲಿರುವ ಅತ್ಯಂತ ಬೆಲೆಯುಳ್ಳ ವಸ್ತು ಬಹುಶಃ ಸ್ಲೈಡ್ ಅಲ್ಲ. ‘ಇಂಥ ಸಂಖ್ಯೆ, ಇಂಥ ವಯಸ್ಸು, ಇಂಥ ಅಂಗ, ಇಂಥ ದಿನ’ ಎಂದು ಸಾಲುಸಾಲಾಗಿ ಬರೆದ, ಬೈಂಡು ಕಿತ್ತುಹೋದ ರಿಜಿಸ್ಟರ್. ಸ್ಲೈಡಿನ ಗಾಜಿನ ಮೇಲೆ ವಜ್ರದ ಮೊನೆಯ ಪೆನ್ನಿನಿಂದ ಕೊರೆದ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಗೆ ಅರ್ಥ ಕೊಡುವುದು ರಿಜಿಸ್ಟರ್ ಮಾತ್ರ. ಅದು ಹೋದರೆ ಸ್ಲೈಡ್ ಬರೀ ಬಣ್ಣ ಹಚ್ಚಿದ ಗಾಜಿನ ತುಂಡು. ಹಲವು ವರ್ಷಗಳ ಹಿಂದೆ ಒಂದು ಸಂಸ್ಥೆ ಕರೆಸಿತ್ತೆಂದು ನಾನು ಅಲ್ಲಿನ ಹಳೆಯ ಸಂಗ್ರಹ ನೋಡಲು ಹೋಗಿದ್ದೆ. ಸಾವಿರಾರು ಸ್ಲೈಡ್‌ಗಳು ಧೂಳು ಕೂಡ ಕೂರದಂತೆ ಕಾಪಾಡಲ್ಪಟ್ಟಿದ್ದವು. ರಿಜಿಸ್ಟರ್‌ಗಳು ಎಲ್ಲಿ ಎಂದು ಕೇಳಿದೆ. ಸುಣ್ಣಬಣ್ಣದ ಸಮಯದಲ್ಲಿ ರದ್ದಿಯವನಿಗೆ ತೂಕ ಹಾಕಿ ಕೊಟ್ಟಿದ್ದರು. ಅವತ್ತು ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ಯಾರೊಂದಿಗೂ ಮಾತನಾಡಲು ಆಗಲಿಲ್ಲ.

ಹೆಸರು ಕಳೆದುಕೊಂಡ ಮಾದರಿ ಮತ್ತೆ ಹೆಸರು ಪಡೆಯುವುದೂ ಉಂಟು, ಆದರೆ ಅಪರೂಪ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೋಗಶಾಸ್ತ್ರ ಸಂಗ್ರಹಾಲಯಕ್ಕೆ 1898ರಲ್ಲಿ ಸಹಾಯಕ ಪಾಲಕಿಯಾಗಿ ಬಂದ ಮಾಡ್ ಅಬಟ್ ಅವರಿಗೆ ಅಲ್ಲಿನ ಮಾದರಿಗಳ ನಡುವೆ ವಿವರವೇ ಇಲ್ಲದ, ವಿಚಿತ್ರ ರಚನೆಯ ಒಂದು ಹೃದಯ ಸಿಕ್ಕಿತು. ಬೆನ್ನು ಹತ್ತಿ ವಿಚಾರಿಸಿದಾಗ, ಆಂಡ್ರ್ಯೂ ಹೋಮ್ಸ್ ಎಂಬ ವೈದ್ಯರು 1824ರಲ್ಲಿ ಪ್ರಕಟಿಸಿದ್ದ ವರದಿಯಲ್ಲಿರುವ ಹೃದಯವೇ ಅದು ಎಂದು ಗೊತ್ತಾಯಿತು. ಅಬಟ್ ಅವರ ಗಮನ ಜನ್ಮಜಾತ ಹೃದ್ರೋಗದ ಕಡೆಗೆ ತಿರುಗಲು ಆ ಹೃದಯವೂ ಒಂದು ಕಾರಣ. 1936ರಲ್ಲಿ ಸಾವಿರ ಪ್ರಕರಣಗಳ ಆಧಾರದ ಮೇಲೆ ಅವರು ಹೊರತಂದ ಅಟ್ಲಾಸ್ (ಚಿತ್ರಸಹಿತ ಗ್ರಂಥ) ಹೃದಯ ವೈದ್ಯರಿಗೆ ದಾರಿ ತೋರಿಸಿತು. ಆ ಹಳೆಯ ವರದಿ ಉಳಿದಿರದಿದ್ದರೆ ಆ ಜಾಡಿಯ ಹೃದಯ ಯಾರದೆಂದು ತಿಳಿಯುತ್ತಿರಲಿಲ್ಲ.

ಹಾಗಾಗಿ ಮೊದಲ ಕೆಲಸ: ಮೊಬೈಲಿನಲ್ಲಿ ಕೋಣೆಯ ಫೋಟೊ ತೆಗೆಯಿರಿ. ಪ್ರತಿ ಕಪಾಟು, ಪ್ರತಿ ಹಲಗೆ, ಪೆಟ್ಟಿಗೆಯ ಮುಚ್ಚಳ ತೆಗೆದಾಗ ಕಾಣುವ ಸಾಲು, ಎಲ್ಲವೂ ಇರುವ ಹಾಗೆಯೇ ಬರಲಿ. ಆಮೇಲೆ ಒಂದೊಂದು ಹಲಗೆಗೂ ಸಂಖ್ಯೆ ಕೊಟ್ಟು, ಅದರ ಮೇಲಿನದನ್ನು ಅದೇ ಕ್ರಮದಲ್ಲಿ ರಟ್ಟಿನ ಪೆಟ್ಟಿಗೆಗೆ ಇಳಿಸಿ. ನೀವು ಈಗಾಗಲೇ ವಿಂಗಡಿಸಿರುವ ಭಾಗ ಯಾವುದು, ಮೊದಲು ಎಲ್ಲಿತ್ತು ಎಂಬುದನ್ನು ನೆನಪಿರುವಾಗಲೇ ಬರೆದಿಡಿ.

ಕಾಗದದ ವಿಷಯದಲ್ಲಿ ಮಾಡಬಾರದ್ದೇ ಹೆಚ್ಚು. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ. ಅದರ ಅಂಟು ವರ್ಷಗಳಲ್ಲಿ ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಶನ್ ಬೇಡವೇ ಬೇಡ. ಮುಗ್ಗಲು ವಾಸನೆ ಬಂದರೆ ಬಿಸಿಲಿಗೆ ಹರಡಬೇಡಿ, ಶಾಯಿ ಮಾಸುತ್ತದೆ. ನೆರಳಿನಲ್ಲಿ ಫ್ಯಾನಿನ ಗಾಳಿಗೆ ಇಡಿ. ತುಕ್ಕು ಹಿಡಿದ ಗುಂಡುಪಿನ್ನು, ಕ್ಲಿಪ್ಪುಗಳನ್ನು ನಿಧಾನವಾಗಿ ತೆಗೆದು, ಆ ಹಾಳೆಗಳು ಒಟ್ಟಿಗೆ ಇದ್ದವು ಎಂಬುದು ತಿಳಿಯುವಂತೆ ಒಂದು ಕಾಗದದಲ್ಲಿ ಮಡಚಿಡಿ. ಹಿರಿಯರು ಪುಸ್ತಕದ ನಡುವೆ ಬೇವಿನ ಎಲೆ ಇಡುತ್ತಿದ್ದರು. ಒಣ ಎಲೆ ಹಾಳೆಗೆ ಕಲೆ ಬಿಡುತ್ತದೆ, ಆದ್ದರಿಂದ ಈಗ ಬೇಡ. ಗಂಟು ಕಟ್ಟಲು ರಬ್ಬರ್ ಬ್ಯಾಂಡ್ ಬದಲು ಹತ್ತಿಯ ಲಾಡಿ ಬಳಸಿ.

ಸ್ಲೈಡ್‌ಗಳನ್ನು ಸ್ಪಿರಿಟ್ ಹಚ್ಚಿ ಒರೆಸಬೇಡಿ. ಲೇಬಲ್ಲಿನ ಶಾಯಿ ಅಳಿಸುತ್ತದೆ. ಬೆಳಕಿನಲ್ಲಿ ಬಣ್ಣ ಮಾಸುವುದರಿಂದ ಪೆಟ್ಟಿಗೆ ಮುಚ್ಚಿಯೇ ಇರಲಿ. ಕಳಚಿ ಬಿದ್ದ ಲೇಬಲ್ ಸಿಕ್ಕಿದರೆ ಊಹೆಯ ಮೇಲೆ ಯಾವ ಸ್ಲೈಡಿಗೂ ಅಂಟಿಸದೆ, ಅದೇ ಪೆಟ್ಟಿಗೆಯೊಳಗೆ ಒಂದು ಲಕೋಟೆಯಲ್ಲಿ ಹಾಕಿಡಿ. ಅಂಗಾಂಶದ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕ್‌ಗಳೂ ಇದ್ದರೆ ತಗಡಿನ ಶೀಟಿನ ಕೆಳಗೆ, ಬಿಸಿ ಅಟ್ಟದ ಮೇಲೆ ಇಡಬೇಡಿ. ಇಲಿ, ಜಿರಳೆಗಳೂ ಅವನ್ನು ಬಿಡುವುದಿಲ್ಲ.

‘ಇದು ಬರೀ ಗೀಚು’ ಎಂದು ಯಾವ ಕಾಗದವನ್ನೂ ಬದಿಗಿಡಬೇಡಿ. ಲಂಡನ್ನಿನ ಪ್ರಸಿದ್ಧ ನ್ಯಾಯವೈದ್ಯ ಬರ್ನಾರ್ಡ್ ಸ್ಪಿಲ್ಸ್‌ಬರಿ ಬರೆಯಬೇಕೆಂದುಕೊಂಡಿದ್ದ ದೊಡ್ಡ ಪಠ್ಯಪುಸ್ತಕವನ್ನು ಬರೆಯಲೇ ಇಲ್ಲ. ಶವಪರೀಕ್ಷೆ ಮಾಡಿದಾಗಲೆಲ್ಲ ಸಣ್ಣ ಕಾರ್ಡುಗಳಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಅಂಥ ಸಾವಿರಾರು ಕಾರ್ಡುಗಳನ್ನು 2008ರಲ್ಲಿ ಲಂಡನ್ನಿನ ವೆಲ್‌ಕಮ್ ಗ್ರಂಥಾಲಯ ಪಡೆದುಕೊಂಡಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಊರಿನ ಸಾಮಾನ್ಯ ಜನ ಹೇಗೆ ಸತ್ತರು ಎಂದು ಅರಿಯಲು ಇತಿಹಾಸಕಾರರು ಇವತ್ತು ಆ ಕಾರ್ಡುಗಳನ್ನೇ ಓದುತ್ತಾರೆ.

ಯಾರಿಗೆ ಕೊಡುವುದು? ಇಲ್ಲಿ ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಪತ್ರ, ಡೈರಿ, ಉಪನ್ಯಾಸದ ಟಿಪ್ಪಣಿಗಳು ಕುಟುಂಬದ್ದು. ಸ್ಲೈಡ್, ಬ್ಲಾಕ್, ಶವಪರೀಕ್ಷೆಯ ವರದಿಗಳು ನಿಮ್ಮ ಮನೆಯಲ್ಲಿದ್ದರೂ ರೋಗಿಗಳಿಗೆ ಮತ್ತು ಆಸ್ಪತ್ರೆಗೆ ಸಂಬಂಧಿಸಿದವು. ಅವುಗಳ ಬಗ್ಗೆ ಮೊದಲು ಆ ಕಾಲೇಜಿನ ಪೆಥಾಲಜಿ ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಿ. ಕಾಗದಪತ್ರಗಳಿಗೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್, 2019ರಲ್ಲಿ ತೆರೆದ ಪತ್ರಾಗಾರವಿದೆ. ಭಾರತದ ಸಮಕಾಲೀನ ಜೀವವಿಜ್ಞಾನದ ಇತಿಹಾಸವನ್ನು ಕೂಡಿಡುವುದೇ ಅದರ ಕೆಲಸ. ತಂದೆಯವರ ಕೆಲಸ ಮೆದುಳಿನ ಕಾಯಿಲೆಗಳ ಮೇಲಿದ್ದರೆ ನಿಮ್ಹಾನ್ಸ್‌ನ ನರರೋಗಶಾಸ್ತ್ರ ವಿಭಾಗವನ್ನೂ ಕೇಳಿ. ಅಲ್ಲಿ 1995ರಿಂದ ಮೆದುಳಿನ ಅಂಗಾಂಶದ ಭಂಡಾರವಿದೆ. ಬೇರೆ ಬೇರೆ ಕಡೆ ಹಂಚುವುದು ಅನಿವಾರ್ಯವಾದರೆ, ಕೊಡುವ ಮೊದಲು ರಿಜಿಸ್ಟರ್‌ನ ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿಸಿ, ಅದರ ಪ್ರತಿ ಎರಡೂ ಕಡೆ ಇರುವಂತೆ ನೋಡಿಕೊಳ್ಳಿ. ಏನೇ ಆಗಲಿ, ಅಣ್ಣನವರಿಗೆ ಈ ಉತ್ತರ ಓದಿಸಿ. ರದ್ದಿಯವನು ಕಿಲೋಗೆ ಕೊಡುವ ಹಣಕ್ಕೆ ಹೋಗುವ ವಸ್ತುವಲ್ಲ ಅದು.

ಪ್ರಶ್ನೆ: ನಾನು ಪೆಥಾಲಜಿ ಸ್ನಾತಕೋತ್ತರ ವಿದ್ಯಾರ್ಥಿನಿ. ಈಗ ಇಡೀ ಸ್ಲೈಡನ್ನೇ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ನೋಡುತ್ತೇವೆ. ಹಾಗಿದ್ದ ಮೇಲೆ ಹಳೆಯ ಗಾಜು, ಮೇಣಕ್ಕೆ ಜಾಗ ಯಾಕೆ ಬೇಕು?
(ಓದುಗರು, ಮೈಸೂರು)

ಉತ್ತರ: ಚಿತ್ರದಲ್ಲಿ ಡಿಎನ್‌ಎ ಇರುವುದಿಲ್ಲ, ಆದ್ದರಿಂದ. 1918ರ ಇನ್‌ಫ್ಲುಯೆಂಜಾದಲ್ಲಿ ಸತ್ತ ಅಮೆರಿಕದ ಒಬ್ಬ ಯುವ ಸೈನಿಕನ ಶ್ವಾಸಕೋಶದ ಚೂರು ಮೇಣದ ಬ್ಲಾಕಿನಲ್ಲಿ ಸೇನೆಯ ರೋಗಶಾಸ್ತ್ರ ಸಂಸ್ಥೆಯಲ್ಲಿ ಸುಮಾರು ಎಂಬತ್ತು ವರ್ಷ ಕುಳಿತಿತ್ತು. ಅದನ್ನು ಇಟ್ಟವರಿಗೆ ಅಂಥದ್ದೊಂದು ವೈರಸ್ ಇದೆ ಎಂಬುದೇ ಗೊತ್ತಿರಲಿಲ್ಲ. 1997ರಲ್ಲಿ ಜೆಫ್ರಿ ಟಾಬೆನ್‌ಬರ್ಗರ್ ಅವರ ತಂಡ ಅದರಿಂದಲೇ ವೈರಸ್ಸಿನ ವಂಶವಾಹಿಯ ತುಣುಕುಗಳನ್ನು ಓದಿತು. 2005ರ ಹೊತ್ತಿಗೆ ಪೂರ್ಣ ಚಿತ್ರ ಸಿಕ್ಕಿತು. ಕಾಂಗೋದ ಕಿನ್ಷಾಸಾದಲ್ಲಿ 1960ರಲ್ಲಿ ತೆಗೆದು ಮೇಣದಲ್ಲಿಟ್ಟಿದ್ದ ದುಗ್ಧಗ್ರಂಥಿಯ ಚೂರಿನಲ್ಲಿ ಎಚ್‌ಐವಿ ಇರುವುದು 2008ರಲ್ಲಿ ಬೆಳಕಿಗೆ ಬಂದು, ಆ ವೈರಸ್ ಮನುಷ್ಯರಲ್ಲಿ ಎಷ್ಟು ಹಿಂದಿನಿಂದ ಹರಡುತ್ತಿತ್ತು ಎಂಬ ಲೆಕ್ಕವೇ ಬದಲಾಯಿತು. ನೀವು ಇವತ್ತು ಇಡುವ ಬ್ಲಾಕಿಗೆ ನಾಳೆ ಯಾವ ಪ್ರಶ್ನೆ ಬರುತ್ತದೆ ಎಂದು ನಿಮಗೂ ನನಗೂ ಹೇಳಲಾಗದು.

ಕಳೆದುಕೊಂಡವರ ಸ್ಥಿತಿಯನ್ನೂ ನೋಡಿ. ಆಧುನಿಕ ರೋಗಶಾಸ್ತ್ರಕ್ಕೆ ತಳಹದಿ ಹಾಕಿದ ರುಡಾಲ್ಫ್ ವಿರ್ಕೋ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ 1899ರಲ್ಲಿ ತೆರೆದ ಸಂಗ್ರಹಾಲಯದಲ್ಲಿ 23,000ಕ್ಕೂ ಹೆಚ್ಚು ಮಾದರಿಗಳಿದ್ದವು. ಎರಡನೆಯ ಮಹಾಯುದ್ಧ ಮುಗಿದಾಗ ಉಳಿದದ್ದು ಸುಮಾರು 1,800.

ನಮ್ಮದೇ ಒಂದು ವಿಷಯ ಹೇಳದೆ ಇರಲಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ರೋಗದ ಮೂಲ ಹುಡುಕಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. 1952ರಲ್ಲಿ ಆ ಕೇಂದ್ರವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಕಟ್ಟಿದ್ದವು. ಪ್ರತಿಷ್ಠಾನದ ಕಾಗದಪತ್ರಗಳನ್ನು ನ್ಯೂಯಾರ್ಕ್ ರಾಜ್ಯದ ಸ್ಲೀಪಿ ಹಾಲೋ ಎಂಬ ಊರಿನ ಪತ್ರಾಗಾರದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ನಮ್ಮ ಮಲೆನಾಡಿನ ಕಾಯಿಲೆಯ ಆರಂಭದ ದಿನಗಳನ್ನು ಬರೆಯಲು ಹೊರಟವರು ಅಷ್ಟು ದೂರದ ಬಾಗಿಲನ್ನೂ ತಟ್ಟಬೇಕು. ಅದೇ ಕಾಡಿನಲ್ಲಿ, ಅದೇ ವರ್ಷಗಳಲ್ಲಿ ಕೆಲಸ ಮಾಡಿದ ನಮ್ಮ ವೈದ್ಯರ, ತಂತ್ರಜ್ಞರ ನೋಟ್‌ಬುಕ್‌ಗಳು ಇನ್ನೂ ಎಲ್ಲಾದರೂ ಕಪಾಟಿನಲ್ಲಿದ್ದರೆ, ನಿಮ್ಮಂಥವರು ಹೋಗಿ ಕೇಳಬೇಕು ಎಂಬುದು ನನ್ನ ಆಸೆ.

ಪ್ರಶ್ನೆ: ಸತ್ತವರ ಅಂಗಾಂಶವನ್ನು ಮನೆಯವರಿಗೆ ಹೇಳದೆ ಇಟ್ಟುಕೊಳ್ಳುವುದು ಸರಿಯೇ? ಅಂಥದ್ದನ್ನು ‘ಪರಂಪರೆ’ ಎಂದು ಕಾಪಾಡಬೇಕೇ?
(ಓದುಗರು, ಮಂಗಳೂರು)

ಉತ್ತರ: ಹೇಳದೆ ಇಟ್ಟುಕೊಳ್ಳುವುದು ಸರಿಯಲ್ಲ. ಇಂಗ್ಲೆಂಡಿನ ಲಿವರ್‌ಪೂಲ್‌ನ ಆಲ್ಡರ್ ಹೇ ಮಕ್ಕಳ ಆಸ್ಪತ್ರೆಯಲ್ಲಿ ಪೋಷಕರ ಒಪ್ಪಿಗೆ ಪಡೆಯದೆ ಮಕ್ಕಳ ಅಂಗಗಳನ್ನು ತೆಗೆದಿಟ್ಟ 2,000ಕ್ಕೂ ಹೆಚ್ಚು ಜಾಡಿಗಳಿದ್ದ ವಿಷಯ 2001ರ ತನಿಖಾ ವರದಿಯಲ್ಲಿ ಬಯಲಾಯಿತು. ಅಲ್ಲಿನ 2004ರ ಮಾನವ ಅಂಗಾಂಶ ಕಾಯಿದೆ ಆ ತಾಯಂದಿರ ಕಣ್ಣೀರಿನಿಂದ ಬಂದದ್ದು. ನಮ್ಮಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳು ಸಂಶೋಧನೆಗಾಗಿ ಇಟ್ಟ ಜೈವಿಕ ಮಾದರಿಗಳ ಬಗ್ಗೆ ವಿವರವಾಗಿ ಹೇಳುತ್ತವೆ.

ಆದರೆ ಮಾದರಿಯ ಹಿಂದೆ ಅನ್ಯಾಯವಿದ್ದರೆ ಕಾಗದವನ್ನು ಇನ್ನಷ್ಟು ಎಚ್ಚರದಿಂದ ಕಾಪಾಡಬೇಕು. ನಾತ್ಸಿ ಆಡಳಿತ ಕೊಂದ ರೋಗಿಗಳ ಮೆದುಳುಗಳನ್ನು ಜೂಲಿಯಸ್ ಹಾಲರ್‌ಫೋರ್ಡೆನ್ ಎಂಬ ನರರೋಗಶಾಸ್ತ್ರಜ್ಞ ಬರ್ಲಿನ್ನಿನ ಸಂಶೋಧನಾ ಸಂಸ್ಥೆಗೆ ಪಡೆದಿದ್ದ. 1990ರಲ್ಲಿ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಆ ಕಾಲದ ಸ್ಲೈಡು, ಮಾದರಿಗಳನ್ನು ಮ್ಯೂನಿಕ್‌ನ ಸ್ಮಶಾನದಲ್ಲಿ ಒಟ್ಟಾಗಿ ಮಣ್ಣು ಮಾಡಿತು. ಉದ್ದೇಶ ಗೌರವದ್ದೇ. ಆದರೆ ಅದರೊಳಗೆ ಯಾರ್ಯಾರಿದ್ದರು ಎಂದು ಒಬ್ಬೊಬ್ಬರನ್ನೂ ಗುರುತಿಸುವ ಕೆಲಸ ಆಗ ಆಗಿರಲಿಲ್ಲ. 2017ರಲ್ಲಿ ಇತಿಹಾಸಕಾರರ ತಂಡವೊಂದು ಉಳಿದ ದಾಖಲೆಗಳನ್ನು ಹಿಡಿದು ಆ ಹೆಸರುಗಳನ್ನು ಹುಡುಕಲು ಹೊರಟಿತು. ಒಬ್ಬ ಮನುಷ್ಯನನ್ನು ಸಂಖ್ಯೆಯಾಗಿ ಮಾಡಿದ್ದ ಅದೇ ಪುಟಗಳಿಂದಲೇ ಅವನ ಹೆಸರನ್ನು ಹಿಂದಕ್ಕೆ ಪಡೆಯಬೇಕಾಗಿದೆ. ಅಂಗಾಂಶವನ್ನು ಮಣ್ಣಿಗೆ ಕೊಡಬೇಕೆಂದಾಗ ಕೊಡೋಣ. ಆ ಪುಟಗಳನ್ನು ಮಾತ್ರ ಸುಡಬಾರದು.

ಧಾರವಾಡದ ಓದುಗರೂ ಇದನ್ನು ಗಮನಿಸಬೇಕು. ನಿಮ್ಮ ತಂದೆಯವರ ರಿಜಿಸ್ಟರ್‌ನಲ್ಲಿ ರೋಗಿಗಳ ಹೆಸರು, ಊರು ಇರುತ್ತವೆ; ಅವರ ಮಕ್ಕಳು, ಮೊಮ್ಮಕ್ಕಳು ನಿಮ್ಮ ಬೀದಿಯಲ್ಲೇ ಇರಬಹುದು. ಯಾವ ಪುಟವನ್ನೂ ವಾಟ್ಸ್‌ಆ್ಯಪ್‌ನಲ್ಲಿ ಹಂಚಬೇಡಿ. ಪತ್ರಾಗಾರಕ್ಕೆ ಕೊಡುವಾಗ ಇಂತಿಷ್ಟು ವರ್ಷ ಆ ಪುಟಗಳನ್ನು ತೆರೆಯಬಾರದು ಎಂಬ ಷರತ್ತನ್ನು ಒಪ್ಪಂದದಲ್ಲಿ ಬರೆಸಿ.

ಪ್ರಶ್ನೆ: ತೀರಿಹೋದ ನನ್ನ ಮಾವನವರ ಹಳೆಯ ಲ್ಯಾಬಿನ ಸಾಮಾನುಗಳೊಂದಿಗೆ ನಾಲ್ಕು ಗಾಜಿನ ಜಾಡಿಗಳೂ ಹಳದಿ ಹರಳುಗಳಿರುವ ಒಂದು ಬಾಟಲಿಯೂ ಸಿಕ್ಕಿವೆ. ತೊಳೆದು ಇಡಬಹುದೇ?
(ಓದುಗರು, ಶಿರಸಿ)

ಉತ್ತರ: ಮುಟ್ಟಬೇಡಿ. ಜಾಡಿಗಳಲ್ಲಿರುವುದು ಅಂಗಗಳನ್ನು ಕೆಡದಂತೆ ಇಡುವ ಫಾರ್ಮಾಲಿನ್ ದ್ರಾವಣ ಇರಬಹುದು. ಅದರ ಹಬೆ ಕಣ್ಣು, ಗಂಟಲನ್ನು ಸುಡುತ್ತದೆ, ಕ್ಯಾನ್ಸರ್ ತರಬಲ್ಲ ವಸ್ತುವೂ ಹೌದು. ಹಳದಿ ಹರಳು ಪಿಕ್ರಿಕ್ ಆಮ್ಲವಾಗಿರುವ ಸಾಧ್ಯತೆ ಇದೆ. ಅಂಗಾಂಶವನ್ನು ಕೆಡದಂತೆ ಇಡುವ ಬೂವಾ ದ್ರಾವಣಕ್ಕೆ ಹಿಂದಿನ ಲ್ಯಾಬ್‌ಗಳಲ್ಲಿ ಅದನ್ನು ಬಳಸುತ್ತಿದ್ದರು. ನೀರಿನಲ್ಲಿ ನೆನೆದಿರುವವರೆಗೆ ತೊಂದರೆ ಕಡಿಮೆ. ಒಣಗಿದರೆ ಅದು ಸ್ಫೋಟಕ, ಮುಚ್ಚಳದ ಮರೆಯಲ್ಲಿ ಕುಳಿತ ಹರಳು ತಿರುಗಿಸುವ ಉಜ್ಜಾಟಕ್ಕೇ ಸಿಡಿಯಬಹುದು. ಕೋಣೆಗೆ ಬೀಗ ಹಾಕಿ, ಮಕ್ಕಳನ್ನು ದೂರವಿಟ್ಟು, ಅಗ್ನಿಶಾಮಕ ಠಾಣೆಗೆ ‘ಹಳೆಯ ಪಿಕ್ರಿಕ್ ಆಮ್ಲ ಇರಬಹುದು’ ಎಂದು ಸ್ಪಷ್ಟವಾಗಿ ಹೇಳಿ. ಲೇಬಲ್ ಕಾಣುವಂತಿದ್ದರೆ ದೂರದಿಂದಲೇ ಫೋಟೊ ತೆಗೆಯಿರಿ. ಅವರು ಬರುವ ತನಕ ಬಾಟಲಿಯನ್ನು ಇದ್ದಲ್ಲಿಂದ ಸರಿಸಬೇಡಿ, ಮುಚ್ಚಳ ತಿರುಗಿಸಬೇಡಿ.