ಘಾಟಿ ಹತ್ತುವಾಗ ತೊಡೆ ಉರಿಯುತ್ತದೆ, ಲ್ಯಾಕ್ಟೇಟ್ ಬೇಗ ಹೊರಹಾಕುವುದು ಹೇಗೆ?

ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ ನಾಲ್ಕನೇ ತಿರುವಿಗೇ ತೊಡೆ ಉರಿದು ಸೈಕಲ್ ಇಳಿಯಬೇಕಾಗುತ್ತದೆ ಅಂತ ಬರೆದಿದ್ದೀರಿ. ನಾನು ಶಿವಮೊಗ್ಗದವನು. ಇದೇ ಕಷ್ಟ ಎರಡು ವರ್ಷ ಅನುಭವಿಸಿದ್ದೇನೆ.

ಮೊದಲು ‘ಹೊರಹಾಕುವುದು’ ಅನ್ನೋ ಮಾತು ಬಿಡಿ. ಲ್ಯಾಕ್ಟೇಟ್ ಕಸ ಅಲ್ಲ, ಇಂಧನ. ಜೋರಾಗಿ ತುಳಿದಾಗ ವೇಗದ ಸ್ನಾಯು ಎಳೆಗಳಲ್ಲಿ ಅದು ಹುಟ್ಟುತ್ತದೆ. ನಿಧಾನದ ಎಳೆಗಳೂ ಹೃದಯವೂ ಅದನ್ನೇ ಉರಿಸಿ ಶಕ್ತಿ ಪಡೆಯುತ್ತವೆ. ಅಮೆರಿಕದ ವಿಜ್ಞಾನಿ ಜಾರ್ಜ್ ಬ್ರೂಕ್ಸ್ ಇದನ್ನು 1980ರ ದಶಕದಲ್ಲೇ ಹೇಳಿದರು. ಸುಮ್ನೆ ಕೂತಾಗ ರಕ್ತದಲ್ಲಿ ಲೀಟರಿಗೆ 1 ಮಿಲಿಮೋಲ್ ಆಸುಪಾಸು ಇರುತ್ತದೆ. ಹುಟ್ಟುವುದು ಖರ್ಚಾಗುವುದಕ್ಕಿಂತ ಜಾಸ್ತಿಯಾದರೆ ಏರುತ್ತಲೇ ಹೋಗುತ್ತದೆ. ಆ ಗಡಿಯೇ ಥ್ರೆಶೋಲ್ಡ್. ಅಂದರೆ ನೀವು ಬೆಳೆಸಬೇಕಾದ್ದು ಖರ್ಚು ಮಾಡುವ ಎಳೆಗಳನ್ನು.

ಅವು ಬೆಳೆಯುವುದು ನಿಧಾನದ ಸವಾರಿಯಲ್ಲಿ. ವಾರದ ಬಹುಪಾಲು ಗಂಟೆ ಅದಕ್ಕೇ ಕೊಡಿ. ನಾನು ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆವರೆಗೆ ಹೋಗಿ ಬರುತ್ತೇನೆ. ಪಕ್ಕದವರ ಜೊತೆ ಏದುಸಿರಿಲ್ಲದೆ ಮಾತಾಡುವಷ್ಟೇ ವೇಗ. ಸಣ್ಣ ಏರು ಬಂದು ಯಾರಾದರೂ ದಾಟಿ ಹೋದರೂ ಗೇರ್ ಇಳಿಸಿ ಅದೇ ಉಸಿರಲ್ಲಿ ಹೋಗಬೇಕು. ಜೋರಾಗಿ ತುಳಿಯುವುದಕ್ಕಿಂತ ಇದು ನನಗೆ ಕಷ್ಟವಾಯಿತು.

ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ, ಓವರ್-ಅಂಡರ್ ಮಾಡಿ, ಅಂದರೆ ಆ ಗಡಿಯ ಸ್ವಲ್ಪ ಕೆಳಗೆ, ಸ್ವಲ್ಪ ಮೇಲೆ ಬದಲಿಸುತ್ತಾ ತುಳಿಯುವುದು. ಎಫ್‌ಟಿಪಿಯ (ಸುಮಾರು ಒಂದು ಗಂಟೆ ಎಡೆಬಿಡದೆ ತುಳಿಯಬಲ್ಲ ಗರಿಷ್ಠ ಪವರ್) 95 ಶೇಕಡಾದಲ್ಲಿ 2 ನಿಮಿಷ, 105ರಲ್ಲಿ 1 ನಿಮಿಷ. ಹೀಗೆ ಬಿಡುವಿಲ್ಲದೆ ಮೂರು ಸುತ್ತು, ಒಟ್ಟು 9 ನಿಮಿಷ. ಆಮೇಲೆ 5 ನಿಮಿಷ ಹಗುರವಾಗಿ ತುಳಿದು ಮತ್ತೆ ಶುರು. ಇಂಥ ಮೂರು ಸೆಟ್ ಸಾಕು. ಜೋರು ನಿಮಿಷ ಮುಗಿದಾಗ ಪೂರ್ತಿ ಸಡಿಲ ಬಿಡಬೇಡಿ. ಆ 95ರಲ್ಲೇ ಕಾಲು, ಮೇಲೇರಿದ ಲ್ಯಾಕ್ಟೇಟನ್ನು ತುಳಿಯುತ್ತಲೇ ಬಳಸುವುದನ್ನು ಕಲಿಯುತ್ತದೆ. ಮಳೆಗಾಲದಲ್ಲಿ ನಮ್ಮ ರಸ್ತೆ ನಂಬುವ ಹಾಗಿಲ್ಲ, ಇದನ್ನು ಮನೆಯಲ್ಲಿ ಟ್ರೇನರ್ (ಸೈಕಲ್ ನಿಲ್ಲಿಸಿ ಇದ್ದಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಮಾಡುತ್ತೇನೆ.

ಆಗುಂಬೆಯ 14 ತಿರುವುಗಳೂ ಓವರ್-ಅಂಡರೇ ಅಲ್ವಾ! ತಿರುವಿನಲ್ಲಿ ಏರು ಕಡಿದು, ಬೇಡವೆಂದರೂ ಪವರ್ ಗಡಿ ದಾಟುತ್ತದೆ. ನಾನು ತಪ್ಪು ಮಾಡುತ್ತಿದ್ದದ್ದು ತಿರುವುಗಳ ನಡುವೆ. ಅಲ್ಲೂ ಅದೇ ಜೋರಲ್ಲಿ ತುಳಿಯುತ್ತಿದ್ದೆ. ಈಗ ತಿರುವು ಮುಗಿದ ಕೂಡಲೇ ಒಂದು ಗೇರ್ ಇಳಿಸಿ, ಉಸಿರು ಹದಕ್ಕೆ ಬರುವವರೆಗೆ ಗಡಿಯ ಕೆಳಗೇ ಇರುತ್ತೇನೆ. ತೀರಾ ಉರಿದರೂ ಇಳಿದು ನಿಲ್ಲಬೇಡಿ. ಹಗುರವಾಗಿ ತುಳಿಯುತ್ತಿದ್ದರೆ ನಿಂತಿದ್ದಕ್ಕಿಂತ ಬೇಗ ಲ್ಯಾಕ್ಟೇಟ್ ಇಳಿಯುತ್ತದೆ. ಮೊದಲ ನಾಲ್ಕು ತಿರುವು ನಿಮಗೆ ಬೇಸರ ಬರುವಷ್ಟು ನಿಧಾನ ಹತ್ತಿ ನೋಡಿ.