ಓದುಗರ ಪ್ರಶ್ನೆ: ವರ್ಷದ ಕೊನೆಗೆ ಶಾಲೆ ಏನು ಹೇಳಬೇಕು, ಪಾಲಕರನ್ನು ಏನು ಕೇಳಬೇಕು?

ಈ ಸಲದ ಪತ್ರಗಳು ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದವು. ಏಪ್ರಿಲ್ 10ರ ಹೊತ್ತಿಗೆ ಪ್ರಾಥಮಿಕ ಶಾಲೆಗಳಲ್ಲಿ ನಡೆಯುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮ, ಅಲ್ಲಿ ಕೈಗೆ ಬರುವ ಪ್ರಗತಿ ಪತ್ರ ಮತ್ತು ಪಾಲಕರಿಂದ ಪಡೆಯುವ ಅಭಿಪ್ರಾಯ, ಇವುಗಳ ಸುತ್ತಲೇ ಎಲ್ಲ ಪ್ರಶ್ನೆಗಳೂ ಇರುವುದರಿಂದ ಒಟ್ಟಿಗೆ ಉತ್ತರಿಸಲಾಗಿದೆ. ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿದ್ದಾಳೆ. ಮೂರನೆಯ ತರಗತಿಯವರೆಗೆ ಕನ್ನಡದಲ್ಲಿ ‘ಎ’ ಪಡೆಯುತ್ತಿದ್ದವಳಿಗೆ ಈ ವರ್ಷ ‘ಬಿ ಪ್ಲಸ್’ ಬಂದಿದೆ. ಗುರುಮಾತೆಯವರನ್ನು ಕೇಳಿದರೆ “ಏನೂ ಆಗಿಲ್ಲ, ಹುಡುಗಿ ಶಾಣ್ಯಾಕಿ ಅದಾಳ್ರಿ” ಎಂದರು. ಹಾಗಿದ್ದರೆ ಶ್ರೇಣಿ ಇಳಿದದ್ದೇಕೆ?
— ಒಬ್ಬ ತಾಯಿ, ಜಮಖಂಡಿ

ಉತ್ತರ: ಮೊದಲು ಲೆಕ್ಕವನ್ನು ತಿಳಿಯೋಣ. ವರ್ಷದ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಿಗೆ (ಪಾಠಗಳ ನಡುವೆ ನಡೆಯುವ ಸಣ್ಣ ಪರೀಕ್ಷೆ, ಚಟುವಟಿಕೆಗಳಿಗೆ) ತಲಾ 15ರಂತೆ 60, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿಗೆ (ಅವಧಿಯ ಕೊನೆಯ ದೊಡ್ಡ ಪರೀಕ್ಷೆಗಳಿಗೆ) ತಲಾ 20ರಂತೆ 40, ಹೀಗೆ ಒಟ್ಟು ನೂರಕ್ಕೆ ಅಂಕಗಳನ್ನು ಇಳಿಸಿ ಶ್ರೇಣಿ ಕೊಡುತ್ತಾರೆ. 90 ಮತ್ತು ಅದಕ್ಕಿಂತ ಹೆಚ್ಚು ಬಂದರೆ ‘ಎ ಪ್ಲಸ್’, 70ರಿಂದ 89ರವರೆಗೆ ‘ಎ’, 50ರಿಂದ 69ರವರೆಗೆ ‘ಬಿ ಪ್ಲಸ್’, 30ರಿಂದ 49ರವರೆಗೆ ‘ಬಿ’, ಅದಕ್ಕೂ ಕೆಳಗೆ ‘ಸಿ’. ಹೋದ ವರ್ಷ 71 ಪಡೆದು ಈ ವರ್ಷ 68 ಪಡೆದ ಮಗುವಿನ ಶ್ರೇಣಿಯೂ ಇಳಿಯುತ್ತದೆ, 88ರಿಂದ 52ಕ್ಕೆ ಬಂದ ಮಗುವಿನ ಶ್ರೇಣಿಯೂ ಅಷ್ಟೇ ಇಳಿಯುತ್ತದೆ. ಮೊದಲನೆಯದು ಚಿಂತಿಸುವ ವಿಷಯವೇ ಅಲ್ಲ, ಎರಡನೆಯದನ್ನು ವಿಚಾರಿಸಲೇಬೇಕು. ಆದ್ದರಿಂದ ಶ್ರೇಣಿಯನ್ನು ಬದಿಗಿಟ್ಟು ಅಂಕಗಳನ್ನು ಕೇಳಿ, ಆರು ಮೌಲ್ಯಮಾಪನಗಳಲ್ಲಿ ಯಾವುದರಲ್ಲಿ ಇಳಿಯಿತು ಎಂಬುದನ್ನು ನೋಡಿ.

ನಾಲ್ಕನೆಯ ತರಗತಿಯಲ್ಲಿ ಹೀಗಾಗುವುದಕ್ಕೆ ಒಂದು ಸಾಮಾನ್ಯ ಕಾರಣವಿದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯವರೆಗೆ ನಲಿ-ಕಲಿ ಪದ್ಧತಿಯಿದೆ. ಮಗು ಗುಂಪಿನಲ್ಲಿ ಕುಳಿತು, ಕಾರ್ಡುಗಳನ್ನು ಹಿಡಿದು, ಕಲಿಕೆಯ ಹಂತಗಳನ್ನು ಸಾಲಾಗಿ ಜೋಡಿಸಿದ ಕಲಿಕಾ ಏಣಿಯ ಮೇಲೆ ತನ್ನದೇ ವೇಗದಲ್ಲಿ ಸಾಗುತ್ತದೆ. ನಾಲ್ಕಕ್ಕೆ ಬಂದ ಕೂಡಲೇ ಪಾಠಪುಸ್ತಕ, ಉದ್ದ ಉತ್ತರ, ಇಡೀ ತರಗತಿಗೆ ಒಂದೇ ವೇಗ. ಈ ದಾಟುವಿಕೆಯಲ್ಲಿ ಓದು ಬಲ್ಲ ಮಕ್ಕಳೂ ಬರವಣಿಗೆಯಲ್ಲಿ ಒಂದು ವರ್ಷ ಹಿಂದೆ ಬೀಳುವುದುಂಟು.

ಮನೆಯಲ್ಲಿ ನೀವೇ ಪರೀಕ್ಷಿಸಬಹುದು. ಅವಳು ಹಿಂದೆ ನೋಡಿರದ ಒಂದು ಸಣ್ಣ ಕಥೆಯನ್ನು ಗಟ್ಟಿಯಾಗಿ ಓದಿಸಿ. ಒತ್ತಕ್ಷರಗಳಲ್ಲಿ ತಡವರಿಸಿದರೆ ಅದು ಓದಿನ ಅಭ್ಯಾಸದ ಕೊರತೆ. ಸರಾಗವಾಗಿ ಓದಿಯೂ ಕಥೆಯಲ್ಲಿ ಏನಾಯಿತೆಂದು ಹೇಳಲಾಗದಿದ್ದರೆ ಅದು ಗ್ರಹಿಕೆಯ ಸಮಸ್ಯೆ. ಬಾಯಲ್ಲಿ ಚೆನ್ನಾಗಿ ಹೇಳಿ, ನಾಲ್ಕು ವಾಕ್ಯ ಬರೆಯಲು ಕೂತಾಗ ನಿಂತುಹೋದರೆ ತೊಂದರೆ ಬರವಣಿಗೆಯಲ್ಲಿದೆ. ಈ ಮೂರಕ್ಕೂ ಬೇಕಾದ ಸಹಾಯ ಬೇರೆ ಬೇರೆ. ಇದನ್ನು ತಿಳಿದುಕೊಂಡು ಗುರುಮಾತೆಯವರ ಬಳಿ ಮತ್ತೊಮ್ಮೆ ಹೋಗಿ. ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ ಮತ್ತು ಕಲಿಕೆಯ ಪ್ರಗತಿಯನ್ನು ಪಾಲಕರ ಸಭೆಗಳಲ್ಲಿ ತಿಳಿಸುವುದು ಶಿಕ್ಷಕರ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಕಲಂ ಹೇಳುತ್ತದೆ. “ಶಾಣ್ಯಾಕಿ ಅದಾಳ್ರಿ” ಎಂಬುದು ಪ್ರೀತಿಯ ಮಾತು ನಿಜ, ಆದರೆ ಅದರಿಂದ ಈ ಕರ್ತವ್ಯ ಮುಗಿಯುವುದಿಲ್ಲ.

ಪ್ರಶ್ನೆ: ನಮ್ಮದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ. ಕಳೆದ ವರ್ಷದ ಕೊನೆಗೆ ಪಾಲಕರಿಗೆ ಮುದ್ರಿತ ಅಭಿಪ್ರಾಯ ಪತ್ರ ಕಳುಹಿಸಿದೆವು. ಬೋಧನೆ, ಶಿಸ್ತು, ಬಿಸಿಯೂಟ, ಸ್ವಚ್ಛತೆ ಹೀಗೆ ಹತ್ತು ಅಂಶಗಳು, ಪ್ರತಿಯೊಂದಕ್ಕೂ ಉತ್ತಮ, ಸಾಧಾರಣ, ಕಳಪೆ ಎಂಬ ಮೂರು ಮನೆಗಳು. ಬಂದ ಪತ್ರಗಳಲ್ಲಿ ಬಹುತೇಕ ಎಲ್ಲದಕ್ಕೂ ‘ಉತ್ತಮ’ ಎಂದೇ ಗುರುತು ಹಾಕಿದ್ದರು. ಆದರೆ ಊರ ಕಟ್ಟೆಯ ಮೇಲೆ ಕೇಳಿಬರುವ ಮಾತೇ ಬೇರೆ. ಈ ಸಲ ಏನು ಮಾಡಬೇಕು?
— ಒಬ್ಬ ಮುಖ್ಯ ಶಿಕ್ಷಕರು, ಮುದ್ದೇಬಿಹಾಳ ತಾಲ್ಲೂಕು

ಉತ್ತರ: ಕಟ್ಟೆಯ ಮಾತು ನಿಮ್ಮ ಕಿವಿಗೆ ಬಿದ್ದಿದೆ ಮತ್ತು ಅದನ್ನು ನೀವು ಮುಚ್ಚಿಡದೆ ಬರೆದಿದ್ದೀರಿ ಎಂಬುದೇ ಅರ್ಧ ಕೆಲಸ. ಇನ್ನು ಆ ಪತ್ರದ ವಿಚಾರ. ಮದುವೆ ಮನೆಯ ಬಾಗಿಲಲ್ಲಿ ನಿಂತು ಊಟ ಹೇಗಿತ್ತು ಎಂದು ಕೇಳಿದರೆ ಯಾರಾದರೂ ಉಪ್ಪು ಕಡಿಮೆಯಿತ್ತು ಎನ್ನುತ್ತಾರೆಯೇ? ಪತ್ರದ ಮೇಲೆ ಮಗುವಿನ ಹೆಸರಿದೆ, ಅದನ್ನು ಒಯ್ದು ಕೊಡುವುದು ಆ ಮಗುವೇ, ತೆಗೆದುಕೊಳ್ಳುವುದು ತರಗತಿಯ ಶಿಕ್ಷಕರು, ಮತ್ತು ಜೂನ್‌ನಲ್ಲಿ ಅದೇ ಮಗು ಅದೇ ಕೊಠಡಿಗೆ ಬರಬೇಕು. ಇಷ್ಟೆಲ್ಲ ಇರುವಾಗ ‘ಕಳಪೆ’ ಎಂಬ ಮನೆಯಲ್ಲಿ ಗುರುತು ಹಾಕುವ ಧೈರ್ಯವನ್ನು ಕೂಲಿಗೆ ಹೋಗುವ ತಾಯಿಯಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಓದು ಬಾರದವರ ಪತ್ರವನ್ನು ಮಗುವೇ ತುಂಬಿರಬಹುದೆಂಬುದನ್ನೂ ಮರೆಯಬಾರದು.

ನನ್ನ ಸಲಹೆ, ಆ ಹತ್ತು ಅಂಶಗಳನ್ನು ಪೂರ್ತಿ ಬಿಟ್ಟುಬಿಡಿ. ಶಾಲೆಯ ಬಗ್ಗೆ ತೀರ್ಪು ಕೇಳುವ ಬದಲು ಮಗುವಿನ ದಿನದ ಬಗ್ಗೆ ಕೇಳಿ. ಸಂಜೆ ಮನೆಗೆ ಬಂದು ಮಗು ಶಾಲೆಯ ಯಾವ ಮಾತನ್ನು ಮೊದಲು ಹೇಳುತ್ತದೆ? ಯಾವ ದಿನ ಅಥವಾ ಯಾವ ಪಾಠವಿದ್ದಾಗ “ಸಾಲಿಗೆ ಹೋಗಂಗಿಲ್ಲ” ಎಂದು ಹಟ ಮಾಡುತ್ತದೆ? ಊಟದಲ್ಲಿ ಏನನ್ನು ಬಿಟ್ಟು ಬರುತ್ತದೆ? ಹೆಣ್ಣುಮಕ್ಕಳು ಶಾಲೆಯ ಶೌಚಾಲಯ ಬಳಸುತ್ತಾರೋ ಅಥವಾ ಮನೆಗೆ ಬರುವವರೆಗೆ ತಡೆದುಕೊಳ್ಳುತ್ತಾರೋ? ಮನೆಗೆಲಸ ಕೊಟ್ಟದ್ದು ತಿದ್ದಿ ಬಂದಿರುತ್ತದೆಯೇ? ಇವುಗಳಿಗೆ ಉತ್ತರ ಕೊಡಲು ಯಾರೂ ಶಿಕ್ಷಕರನ್ನು ದೂರಬೇಕಾಗಿಲ್ಲ, ಆದರೆ ನೀವು ತಿಳಿಯಬೇಕಾದದ್ದೆಲ್ಲ ಆ ಉತ್ತರಗಳಲ್ಲಿ ಇರುತ್ತದೆ. ಇವೆಲ್ಲವನ್ನೂ ಎಲ್ಲರಿಗೂ ಕೇಳಬೇಕೆಂದಿಲ್ಲ. ಒಬ್ಬರಿಗೆ ಮೂರು ಸಾಕು.

ಕೇಳುವವರು ತರಗತಿಯ ಶಿಕ್ಷಕರಾಗಬಾರದು, ನೀವೂ ಆಗಬಾರದು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಅಂದರೆ ನಾವು ರೂಢಿಯಲ್ಲಿ ಎಸ್‌ಡಿಎಂಸಿ ಎನ್ನುವುದರಲ್ಲಿ, ತಾಯಂದಿರು ಇದ್ದೇ ಇರುತ್ತಾರೆ. ಇಂಥ ಸಮಿತಿಯಲ್ಲಿ ಕನಿಷ್ಠ ನಾಲ್ಕರಲ್ಲಿ ಮೂರು ಭಾಗ ಪಾಲಕರೂ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು ಕಾಯ್ದೆಯ 21ನೆಯ ಕಲಂ ಹೇಳಿದೆ. ಸಭೆಯ ನಡಾವಳಿಗೆ ಹೆಬ್ಬೆಟ್ಟು ಅಥವಾ ಸಹಿ ಹಾಕುವುದಕ್ಕಷ್ಟೇ ಅವರನ್ನು ಕರೆಯುವ ಶಾಲೆಗಳು ಈ ಕಲಮನ್ನು ಓದಿಲ್ಲವೆಂದೇ ತಿಳಿಯಬೇಕು. ಅವರಲ್ಲಿ ಬರೆಯಬಲ್ಲ ಇಬ್ಬರು ಕಾರ್ಯಕ್ರಮದ ದಿನ ಒಂದು ಬೇರೆ ಕೊಠಡಿಯಲ್ಲಿ ಕುಳಿತು, ಬಂದವರ ಮಾತನ್ನು ಹೆಸರಿಲ್ಲದೆ, ತರಗತಿಯನ್ನು ಮಾತ್ರ ನಮೂದಿಸಿ, ಅವರು ಆಡಿದ ಹಾಗೆಯೇ ವಹಿಯಲ್ಲಿ ಬರೆದುಕೊಳ್ಳಲಿ. ದಿನ ಗೊತ್ತುಪಡಿಸುವ ಮುನ್ನ ಊರ ಸಂತೆ ಮತ್ತು ಜಾತ್ರೆಗಳನ್ನು ನೋಡಿಕೊಳ್ಳಿ. ಏಪ್ರಿಲ್‌ನ ನಿಮ್ಮ ಬಿಸಿಲಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಸಭೆ ಕರೆದರೆ ಮುಂದಿನ ಸಾಲಿನ ಕುರ್ಚಿಗಳಿಗೆ ಮಾತ್ರ ಜನ ಬರುತ್ತಾರೆ.

ಇಷ್ಟಾದ ಮೇಲೆ ಬಹಳ ಶಾಲೆಗಳು ಬಿಟ್ಟುಬಿಡುವ ಒಂದು ಕೆಲಸವಿದೆ. ಕೇಳಿದ್ದಕ್ಕೆ ಏನಾಯಿತು ಎಂಬುದನ್ನು ತಿರುಗಿ ಹೇಳಬೇಕು. ಶಾಲೆ ಮತ್ತೆ ಶುರುವಾದ ಮೊದಲ ವಾರದಲ್ಲಿ ಹೊರಗೋಡೆಯ ಕಪ್ಪುಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸಿ: ಪಾಲಕರು ಇಂಥ ಮಾತು ಹೇಳಿದರು, ಇದನ್ನು ಸರಿಪಡಿಸಿದ್ದೇವೆ, ಇದಕ್ಕೆ ಪಂಚಾಯಿತಿಗೆ ಬರೆದಿದ್ದೇವೆ, ಇದು ಇಂಥ ಕಾರಣದಿಂದ ಸದ್ಯ ಆಗುವುದಿಲ್ಲ. ‘ಆಗುವುದಿಲ್ಲ’ ಎಂಬ ಸಾಲು ಇರಲೇಬೇಕು. ಆಗದ್ದನ್ನು ಕಾರಣಸಹಿತ ಹೇಳಿದ ಶಾಲೆಯನ್ನು ಜನ ನಂಬುತ್ತಾರೆ, ಮತ್ತು ಮುಂದಿನ ವರ್ಷ ಕಟ್ಟೆಯ ಮೇಲಿನ ಮಾತು ನೇರವಾಗಿ ನಿಮ್ಮ ವಹಿಗೆ ಬರುತ್ತದೆ. ತಿರುಗಿ ಹೇಳುವ ಮನಸ್ಸಿಲ್ಲದಿದ್ದರೆ ಅಭಿಪ್ರಾಯ ಕೇಳದಿರುವುದೇ ಲೇಸು.

ಪ್ರಶ್ನೆ: ಎಸ್‌ಡಿಎಂಸಿ ಅಧ್ಯಕ್ಷನಾಗಿ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಶಾಲೆಯ ವರದಿಯನ್ನು ನಾನೇ ಓದಬೇಕಾಗಿದೆ. ಹಳೆಯ ವರದಿಗಳನ್ನು ನೋಡಿದರೆ ಗಣ್ಯರ ಮತ್ತು ದಾನಿಗಳ ಹೆಸರುಗಳೇ ಹೆಚ್ಚು. ಏನನ್ನು ಸೇರಿಸಲಿ?
— ಒಬ್ಬ ಪಾಲಕರು, ಹುನಗುಂದ

ಉತ್ತರ: ದಾನಿಗಳ ಹೆಸರು ತೆಗೆದರೆ ಮುಂದಿನ ವರ್ಷ ಗ್ಯಾದರಿಂಗಿಗೆ ಪೆಂಡಾಲ್ ಸಿಗುವುದಿಲ್ಲ, ಇರಲಿ, ಆದರೆ ಅವು ಕೊನೆಗೆ ಬರಲಿ. ಮೊದಲು ಶಾಲೆ ಎಷ್ಟು ದಿನ ನಡೆಯಿತು ಎಂಬುದನ್ನು ಓದಿ. ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ನಡೆಯಬೇಕೆಂದು ಕಾಯ್ದೆಯ ಅನುಸೂಚಿಯಲ್ಲಿದೆ, ಹೋಲಿಸಿ ನೋಡಲು ಜನರಿಗೆ ಅನುಕೂಲವಾಗುತ್ತದೆ. ಮಂಜೂರಾದ ಶಿಕ್ಷಕರ ಹುದ್ದೆಗಳೆಷ್ಟು, ಭರ್ತಿಯಾದವು ಎಷ್ಟು, ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು, ಅನುದಾನ ಯಾವುದಕ್ಕೆ ಖರ್ಚಾಯಿತು, ನೀರು ಎಷ್ಟು ತಿಂಗಳು ಇತ್ತು, ಪ್ರತಿ ತರಗತಿಯಲ್ಲಿ ಸರಾಗವಾಗಿ ಓದಬಲ್ಲ ಮಕ್ಕಳು ಎಷ್ಟು, ಇವುಗಳನ್ನು ಅಂಕಿಗಳಲ್ಲಿ ಹೇಳಿ. ಆದರೆ ಯಾವ ಮಗುವಿನ ಹೆಸರನ್ನೂ ಹೇಳಬೇಡಿ. ಸಮಿತಿಯು ಶಾಲಾಭಿವೃದ್ಧಿ ಯೋಜನೆ ಸಿದ್ಧಪಡಿಸಬೇಕೆಂಬುದು 22ನೆಯ ಕಲಮಿನ ಅಗತ್ಯ. ಹೋದ ವರ್ಷದ ಯೋಜನೆಯಲ್ಲಿ ಬರೆದದ್ದರಲ್ಲಿ ಆದದ್ದು, ಆಗದೆ ಉಳಿದದ್ದು ಎರಡನ್ನೂ ಓದಿದರೆ ವರದಿ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಮಕ್ಕಳು ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ಬೆವರುತ್ತ ಕಾಯುತ್ತಿರುತ್ತಾರೆ, ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಬೇಡಿ.

ಪ್ರಶ್ನೆ: ನನ್ನ ಮಗ ಮತ್ತು ಸೊಸೆ ಕಬ್ಬಿನ ಗ್ಯಾಂಗಿನ ಜೊತೆ ಸಾಂಗಲಿ ಕಡೆಗೆ ಹೋಗಿದ್ದರು. ಮೂರನೆಯ ತರಗತಿಯ ಮೊಮ್ಮಗಳನ್ನೂ ಕರೆದೊಯ್ದಿದ್ದರಿಂದ ಅವಳು ಕೊನೆಯ ಪರೀಕ್ಷೆ ಬರೆದಿಲ್ಲ. ಅದೇ ತರಗತಿಯಲ್ಲಿ ಉಳಿಸುತ್ತಾರೆಯೇ?
— ಒಬ್ಬ ಅಜ್ಜ, ಇಂಡಿ ತಾಲ್ಲೂಕು

ಉತ್ತರ: ಉಳಿಸುವಂತಿಲ್ಲ. ಕಾಯ್ದೆಯ 16ನೆಯ ಕಲಮಿಗೆ 2019ರಲ್ಲಿ ಬಂದ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಿಗೆ ಸಂಬಂಧಿಸಿದ್ದು. ಮೂರನೆಯ ತರಗತಿಯ ಮಗುವನ್ನು ತಡೆಹಿಡಿಯಲು ಅದರಲ್ಲಿಯೂ ಅವಕಾಶವಿಲ್ಲ. ಆದರೆ ಅಜ್ಜನವರೇ, ತರಗತಿ ದಾಟಿದ ಮಾತ್ರಕ್ಕೆ ಬಿಟ್ಟುಹೋದ ತಿಂಗಳುಗಳ ಕಲಿಕೆ ಬರುವುದಿಲ್ಲ. ನಲಿ-ಕಲಿ ಏಣಿಯಲ್ಲಿ ಹುಡುಗಿ ಯಾವ ಮೈಲಿಗಲ್ಲಿಗೆ ನಿಂತಿದ್ದಾಳೆ ಎಂಬುದನ್ನು ಪ್ರಗತಿ ಪತ್ರದಲ್ಲಿ ಬರೆಯಿಸಿಕೊಳ್ಳಿ, ನಾಲ್ಕನೆಯ ತರಗತಿಯ ಶಿಕ್ಷಕರು ಎಲ್ಲಿಂದ ಶುರುಮಾಡಬೇಕೆಂದು ಅವರಿಗೆ ತಿಳಿಯುತ್ತದೆ. ಮುಂದಿನ ಹಂಗಾಮಿಗೆ ಗ್ಯಾಂಗು ಹೊರಡುವ ಮುನ್ನ ಮುಖ್ಯ ಶಿಕ್ಷಕರನ್ನು ಕಂಡು, ಅವಳನ್ನು ನಿಮ್ಮ ಬಳಿ ಉಳಿಸಿಕೊಳ್ಳುವುದೋ, ಹೋಗುವ ಊರಿನ ಶಾಲೆಯಲ್ಲಿ ಕೂರಿಸುವುದೋ ನಿರ್ಧರಿಸಿ. ನಿಮ್ಮ ಪತ್ರದ ಧಾಟಿ ನೋಡಿದರೆ ಅವಳು ನಿಮ್ಮ ಬಳಿ ಇರುವುದೇ ಒಳ್ಳೆಯದೆನಿಸುತ್ತದೆ.

ಪ್ರಶ್ನೆ: ನಮ್ಮ ಕನ್ನಡ ಶಾಲೆಯ ಅನೇಕ ಮಕ್ಕಳ ಮನೆಮಾತು ಮರಾಠಿ. ವರ್ಷಾಂತ್ಯದ ಪತ್ರವನ್ನು ಯಾವ ಭಾಷೆಯಲ್ಲಿ ಕಳುಹಿಸಬೇಕು?
— ಒಬ್ಬ ಶಿಕ್ಷಕಿ, ನಿಪ್ಪಾಣಿ

ಉತ್ತರ: ಕನ್ನಡದಲ್ಲಿಯೇ ಕಳುಹಿಸಿ, ಸಭೆಯಲ್ಲಿ ಮರಾಠಿಯಲ್ಲಿ ವಿವರಿಸಿ. ಪ್ರಗತಿ ಪತ್ರ ಶಾಲೆಯ ದಾಖಲೆ, ಆದರೆ ಪಾಲಕರಿಗೆ ಅರ್ಥವಾಗದಿದ್ದರೆ ಕೊಟ್ಟೂ ಪ್ರಯೋಜನವಿಲ್ಲ. ಗಡಿಭಾಗದ ಶಿಕ್ಷಕರಿಗೆ ಎರಡೂ ಭಾಷೆ ಬರುತ್ತದೆ, ಇದರಲ್ಲಿ ರಾಜಕೀಯ ಹುಡುಕುವವರಿಗೆ ಉತ್ತರಿಸುವ ಅಗತ್ಯವಿಲ್ಲ.

ಪ್ರಶ್ನೆ: ಪಾಲಕರ ಸಭೆಯಲ್ಲಿ ಎಲ್ಲ ಮಕ್ಕಳ ಶ್ರೇಣಿಯನ್ನು ಎಲ್ಲರೆದುರು ಓದಿದರು. ‘ಸಿ’ ಬಂದವರನ್ನು ಎದ್ದು ನಿಲ್ಲಿಸಿದರು. ಎರಡನೆಯ ತರಗತಿಯ ನನ್ನ ಮಗ ಆವತ್ತಿನಿಂದ ಶಾಲೆಯ ಹೆಸರೆತ್ತಿದರೆ ಅಳುತ್ತಾನೆ. ಇದು ಸರಿಯೇ? ಯಾರಿಗೆ ಹೇಳಲಿ?
— ಒಬ್ಬ ತಂದೆ, ಗೋಕಾಕ

ಉತ್ತರ: ಸರಿಯಲ್ಲ. ಶ್ರೇಣಿಯನ್ನು ಗಟ್ಟಿಯಾಗಿ ಓದಿದ್ದು ಹಳೆಯ ರೂಢಿಯ ಅವಿವೇಕವೆಂದು ಬಿಡಬಹುದಾಗಿತ್ತು. ಏಳು ವರ್ಷದ ಹುಡುಗನನ್ನು ಊರವರ ಎದುರು ನಿಲ್ಲಿಸಿದ್ದನ್ನು ಹಾಗೆ ಬಿಡಲಾಗದು. ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ಕಾಯ್ದೆಯ 17ನೆಯ ಕಲಂ ನಿಷೇಧಿಸಿದೆ. ಮೊದಲು ಮುಖ್ಯ ಶಿಕ್ಷಕರನ್ನು ಒಬ್ಬರೇ ಕಂಡು, ಸಿಟ್ಟಿಲ್ಲದೆ, ಮಗನಿಗೆ ಏನಾಗಿದೆ ಎಂಬುದನ್ನಷ್ಟೇ ಹೇಳಿ. ಬಹಳ ಸಲ ಅಷ್ಟಕ್ಕೇ ದಾರಿ ತೆರೆಯುತ್ತದೆ, ಏಕೆಂದರೆ ಮಗುವಿನ ಮೇಲೆ ಹೀಗೆ ಪರಿಣಾಮವಾಗಿದೆ ಎಂಬುದು ಅವರಿಗೆ ತಿಳಿದೇ ಇರುವುದಿಲ್ಲ. ಆಗದಿದ್ದರೆ ಎಸ್‌ಡಿಎಂಸಿಗೆ, ಅನಂತರ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯಿರಿ. ಮಗುವಿನ ಹಕ್ಕಿನ ಬಗ್ಗೆ ಸ್ಥಳೀಯ ಪ್ರಾಧಿಕಾರಕ್ಕೆ ಕೊಟ್ಟ ಲಿಖಿತ ದೂರನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು 32ನೆಯ ಕಲಂ ಹೇಳುತ್ತದೆ, ಆದ್ದರಿಂದ ದೂರಿನ ಪ್ರತಿಯ ಮೇಲೆ ಸ್ವೀಕೃತಿಯ ದಿನಾಂಕ ಮತ್ತು ಮೊಹರು ಹಾಕಿಸಿಕೊಳ್ಳಿ. ಈ ನಡುವೆ ರಜೆಯಲ್ಲಿ ಮಗನೆದುರು ಆ ಶ್ರೇಣಿಯ ಮಾತು ಎತ್ತಬೇಡಿ. ಮನೆಗೆ ಬಂದ ನೆಂಟರು ಎತ್ತಿದರೂ ತಡೆಯಿರಿ.