ಉಡುಪಿಯಿಂದ ಆಗುಂಬೆ: ಏಪ್ರಿಲ್ ಬಿಸಿಲಲ್ಲಿ ಒಂದು ದಿನ

ಅಮ್ಮ ಮತ್ತು ಮಗುವಿನ ಜೊತೆ ಏಪ್ರಿಲ್‌ನಲ್ಲಿ ಉಡುಪಿಯಿಂದ ಆಗುಂಬೆಗೆ ಹೋಗಿ ಸಂಜೆ ವಾಪಸ್ ಬರಬಹುದಾ ಎಂದು ಕೇಳಿದ್ದೀರಿ. ಧಾರಾಳವಾಗಿ ಬರಬಹುದು. ದೂರ 55 ಕಿ.ಮೀ. ಅಷ್ಟೇ. ಆದರೆ ಬೆಳಿಗ್ಗೆ ಆರಕ್ಕೇ ಹೊರಡಿ. ಹೆಬ್ರಿಯಲ್ಲಿ ತಿಂಡಿ ಮುಗಿಸಿ, ಆದರೆ ಹೊಟ್ಟೆ ಬಿರಿಯುವಷ್ಟು ಬನ್ಸ್ ತಿನ್ನಬೇಡಿ. ಸೋಮೇಶ್ವರ ದಾಟಿದ ಮೇಲೆ ಘಾಟಿಯಲ್ಲಿ 14 ತಿರುವು ಇದೆ. ನನ್ನ ಅತ್ತೆಗೆ ಏಳನೇ ತಿರುವಿನಲ್ಲೇ ಪ್ಲಾಸ್ಟಿಕ್ ಕವರ್ ಬೇಕಾಯಿತು! ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಒಂದು ನಿಂಬೆಹಣ್ಣು ಕೊಡಿ.

ಜಲಪಾತ ನೋಡುವ ಆಸೆ ಬೇಡ. ಈಗ ನೀರು ತುಂಬಾ ಕಡಿಮೆ, ನಡೆಯುವುದು ಮಾತ್ರ ಜಾಸ್ತಿ. ಮಧ್ಯಾಹ್ನ ಆಗುಂಬೆಯಲ್ಲೂ ಬಿಸಿಲೇ. ಆ ಹೊತ್ತಿಗೆ ಶೃಂಗೇರಿಗೆ ಹೋಗಿಬಿಡಿ. ದೇವಸ್ಥಾನದ ಊಟ ಆಗುತ್ತದೆ. ಹಿಂದೆಯೇ ತುಂಗಾ ನದಿ. ಮಂಡಕ್ಕಿ ಎಸೆದರೆ ಮೊಣಕೈ ಉದ್ದದ ಮೀನುಗಳು ಬಾಯಿ ತೆರೆದುಕೊಂಡು ಒಂದರ ಮೇಲೊಂದು ಬೀಳುತ್ತವೆ. ನಿಮ್ಮ ಮಗು ಅಲ್ಲಿಂದ ಏಳುವುದಿಲ್ಲ, ನೋಡಿ.

ವಾಪಸ್ ಬರುವಾಗ ಸೂರ್ಯಾಸ್ತದ ಜಾಗದಲ್ಲಿ ನಿಲ್ಲಿಸಿ. ಬೇಸಿಗೆಯ ಮಬ್ಬಿನಲ್ಲಿ ಸಮುದ್ರ ಕಾಣುವುದು ಕಷ್ಟ, ತಂಪು ಗಾಳಿಯಂತೂ ಸಿಗುತ್ತದೆ. ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿದುಕೊಂಡು ಇಳಿಯಬೇಡಿ, ಮಂಗಗಳಿವೆ. ಕತ್ತಲಾಗುವ ಮುಂಚೆ ಘಾಟಿ ಇಳಿದುಬಿಡಿ.